ಫ್ಲ್ಯಾಗ್ ಅಳಿಸಲು |= ಬೇಕಾ, ಬರೀ = ಸಾಕಾ? ಮಳೆಮಾಪಕದಲ್ಲಿ ಮಾಡಿ ನೋಡಿದ್ದು

ಉಡುಪಿ ಹತ್ತಿರ ಕಲ್ಯಾಣಪುರದಲ್ಲಿ ನಮ್ಮ ಮನೆ. ತಾರಸಿ ಮೇಲೆ ನಾನೇ ಮಾಡಿದ ಒಂದು ಮಳೆಮಾಪಕ ಇದೆ. ಬಾಯಿ 20 ಸೆಂ.ಮೀ. ಅಗಲ. ಒಳಗೆ ಆ ಕಡೆ ಈ ಕಡೆ ಮಗುಚುವ ಜೋಡಿ ಬಟ್ಟಲು. 0.2 ಮಿ.ಮೀ. ಮಳೆಗೆ, ಅಂದರೆ ಸುಮಾರು 6.3 ಮಿ.ಲೀ. ನೀರಿಗೆ, ಒಂದು ಸಲ ಮಗುಚುತ್ತದೆ. ಆಗ ಅಯಸ್ಕಾಂತ ರೀಡ್ ಸ್ವಿಚ್ ಮುಂದೆ ಹಾದು ಹೋಗಿ ಎವಿಆರ್ ಜಾತಿಯ ಅಟ್ಮೆಗಾ32 ಮೈಕ್ರೊಕಂಟ್ರೋಲರ್ ಚಿಪ್‌ನ ಇಂಟ್0 ಪಿನ್‌ಗೆ ಪಲ್ಸ್ ಬರುತ್ತದೆ.

ಲೆಕ್ಕ ಬೇಕಾಗಿರುವುದು ಮಾವನಿಗೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡುವ ದಿನವನ್ನು ಅವರು ಮಳೆ ನೋಡಿಕೊಂಡೇ ನಿಶ್ಚಯಿಸುವುದು. ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗಿನ ಮಳೆಯನ್ನು ಡೈರಿಯಲ್ಲಿ ಬರೆಯುತ್ತಾರೆ. ಹಾಗಾಗಿ ಎಣಿಕೆಯೂ ಸರಿ ಇರಬೇಕು, ಗಡಿಯಾರವೂ ಸರಿ ಇರಬೇಕು. ನನ್ನ ಮೊದಲ ಪ್ರೋಗ್ರಾಂನಲ್ಲಿ ಎರಡೂ ತಪ್ಪಿತ್ತು.

ವಾರ ಕಳೆದ ಮೇಲೆ ಮಾವ ಕೇಳಿದರು, "ಇದರ ಗಂಟೆ ಹಿಂದೆ ಉಂಟಲ್ಲ ಮಾರಾಯ?" ದಿನಕ್ಕೆ ಹತ್ತಿರ ಹತ್ತಿರ ಒಂದು ನಿಮಿಷ ಹಿಂದೆ ಬೀಳುತ್ತಿತ್ತು. ಕ್ರಿಸ್ಟಲ್ ಹಾಳಾಗಿದ್ದರೂ ಇಷ್ಟು ತಪ್ಪುವುದಿಲ್ಲ.

ಗಡಿಯಾರ ನಡೆಸುವುದು ಟೈಮರ್0, ಮಿಲಿಸೆಕೆಂಡಿಗೊಂದು ಇಂಟರಪ್ಟ್ (ಮಾಡುತ್ತಿರುವ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಬಾ ಅನ್ನುವ ಸೂಚನೆ). ಎಲ್‌ಸಿಡಿ ಪರದೆಯ ಅಂಕಿ ಬದಲಿಸುವುದು ಟೈಮರ್1, ಸುಮಾರು ಸೆಕೆಂಡಿಗೊಮ್ಮೆ ಅದರ ಓವರ್‌ಫ್ಲೋ ಫ್ಲ್ಯಾಗ್ (ಟೈಮರ್ ತುಂಬಿತು ಅಂತ ಚಿಪ್ ತಾನೇ 1 ಮಾಡುವ ಬಿಟ್) ನೋಡಿಕೊಂಡು. ಎಲ್‌ಸಿಡಿಗೆ ಬರೆಯುವಾಗ ಇಂಟರಪ್ಟ್ ಪೂರ್ತಿ ನಿಲ್ಲಿಸಿದ್ದೆ. 16 ಅಕ್ಷರ, ಒಂದೊಂದಕ್ಕೆ 40 ಮೈಕ್ರೊಸೆಕೆಂಡ್, ಒಟ್ಟು 0.64 ಮಿಲಿಸೆಕೆಂಡ್. ಬರೆದಾದ ಮೇಲೆ, ಟೈಮರ್ ಫ್ಲ್ಯಾಗ್‌ಗಳು ಇರುವ ಟಿಐಎಫ್‌ಆರ್ ರಿಜಿಸ್ಟರ್‌ಗೆ ಟಿಐಎಫ್‌ಆರ್ |= ಅಂತ ಬರೆದು ಟೈಮರ್1ರ ಫ್ಲ್ಯಾಗ್ ಅಳಿಸಿ, ಇಂಟರಪ್ಟ್ ಮತ್ತೆ ಬಿಡುತ್ತಿದ್ದೆ.

ತಪ್ಪು ಆ |= ಒಳಗೇ ಇತ್ತು. ಎವಿಆರ್‌ನಲ್ಲಿ ಫ್ಲ್ಯಾಗ್ ಅಳಿಸಲು ಅದರ ಜಾಗಕ್ಕೆ 1 ಬರೆಯಬೇಕು. |= ಮಾಡಿದರೆ ಇಡೀ ರಿಜಿಸ್ಟರ್ ಓದಿ, ನಮ್ಮ ಬಿಟ್ ಸೇರಿಸಿ, ಎಲ್ಲವನ್ನೂ ವಾಪಸ್ ಬರೆಯುತ್ತದೆ. ಆಗ ಬೇರೆ ಯಾವ ಫ್ಲ್ಯಾಗ್ 1 ಆಗಿದ್ದರೂ ಅದೂ ಅಳಿಸಿ ಹೋಗುತ್ತದೆ. ಅಟ್ಮೆಗಾ32ರಲ್ಲಿ ಮೂರೂ ಟೈಮರ್‌ಗಳ 8 ಫ್ಲ್ಯಾಗ್ ಒಂದೇ ಟಿಐಎಫ್‌ಆರ್‌ನಲ್ಲಿವೆ. ಎಲ್‌ಸಿಡಿ ಬರೆಯುವಷ್ಟರಲ್ಲಿ ಬಂದು ಕಾಯುತ್ತಿದ್ದ ಟೈಮರ್0ರ ಮಿಲಿಸೆಕೆಂಡ್ ಹಾಗೇ ಮಾಯ. ಮೂರರಲ್ಲಿ ಎರಡು ಸಲ ಹೀಗಾದರೂ ದಿನಕ್ಕೆ 50 ಸೆಕೆಂಡ್ ದಾಟುತ್ತದೆ. |= ತೆಗೆದು ಬರೀ = ಹಾಕಿದೆ, ಆ ಒಂದು ಬಿಟ್ ಮಾತ್ರ 1. 0 ಬರೆದ ಜಾಗಕ್ಕೆ ಏನೂ ಆಗುವುದಿಲ್ಲ. ಮರುದಿನದಿಂದ ಗಡಿಯಾರ ಸರಿ ನಡೆಯಿತು.

ಇದೇ ಸಾಲನ್ನು ಆರ್ಡುಯಿನೋ ಊನೋದಲ್ಲಿ ಹಾಕಿ ನೋಡಿದೆ. ಅಲ್ಲಿ |= ಇದ್ದರೂ ಗಡಿಯಾರ ತಪ್ಪಲಿಲ್ಲ! ಊನೋದ ಅಟ್ಮೆಗಾ328ಪಿಯಲ್ಲಿ ಒಂದೊಂದು ಟೈಮರ್‌ಗೆ ಬೇರೆ ಬೇರೆ ಫ್ಲ್ಯಾಗ್ ರಿಜಿಸ್ಟರ್. ಸಾಲದ್ದಕ್ಕೆ ಆ ಸಾಲನ್ನು ಕಂಪೈಲರ್ ಎಸ್‌ಬಿಐ ಅನ್ನುವ ಒಂದೇ ಇನ್‌ಸ್ಟ್ರಕ್ಷನ್ ಮಾಡುತ್ತದೆ, ಅದು ಹೇಳಿದ ಬಿಟ್ ಒಂದನ್ನೇ ಮುಟ್ಟುತ್ತದೆ. ಊನೋದಲ್ಲಿ ಕಲಿತವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಅಲ್ವಾ? ಎಲ್ಲಿ ಹೋದರೂ = ಬರೆಯುವ ಅಭ್ಯಾಸವೇ ಒಳ್ಳೆಯದು ಅಂತ ನನಗೆ ಅನಿಸಿದ್ದು ಇದಕ್ಕೇ. ಎಸ್‌ಟಿಎಂ32ಎಫ್103 ಅನ್ನುವ ಬೇರೆ ಜಾತಿಯ ಚಿಪ್‌ನಲ್ಲಿ ಮಾತ್ರ ನೋಡಿಕೊಳ್ಳಿ. ಅಲ್ಲಿ ಟೈಮರ್ ಫ್ಲ್ಯಾಗ್ ಅಳಿಯುವುದು 0 ಬರೆದರೆ, ಹೊರಗಿನ ಪಿನ್ ಇಂಟರಪ್ಟ್‌ನ ಫ್ಲ್ಯಾಗ್ ಅಳಿಯುವುದು 1 ಬರೆದರೆ. ಒಂದೇ ಚಿಪ್, ಎರಡು ಪದ್ಧತಿ.

ಇನ್ನು ಎಣಿಕೆ. ಬಕೆಟ್ ಕಟ್ಟೆ ಮೇಲೆ ಇಟ್ಟು, ಡ್ರಿಪ್ ಪೈಪ್‌ನಿಂದ ಒಂದು ಲೀಟರ್ ನೀರನ್ನು ನಿಧಾನಕ್ಕೆ ಬಿಟ್ಟೆ. 159 ಬರಬೇಕಿತ್ತು, 300 ದಾಟಿತು.

ರೀಡ್ ಸ್ವಿಚ್ ಮುಚ್ಚುವಾಗ ಅದುರುತ್ತದೆ, ಒಂದು ಪಲ್ಸ್ ಜಾಗದಲ್ಲಿ ನಾಲ್ಕೈದು ಬರುತ್ತವೆ. ಅದಕ್ಕೇ ಮೊದಲ ಪಲ್ಸ್ ಬಂದ ಕೂಡಲೇ ಇಂಟ್0ರ ಎನೇಬಲ್ ಬಿಟ್ ತೆಗೆದು, 50 ಮಿಲಿಸೆಕೆಂಡ್ ಬಿಟ್ಟು ಮತ್ತೆ ಹಾಕುತ್ತಿದ್ದೆ. ಆದರೆ ಎನೇಬಲ್ ತೆಗೆದರೆ ಇಂಟರಪ್ಟ್ ಬರುವುದು ನಿಲ್ಲುತ್ತದೆ ಅಷ್ಟೇ, ಫ್ಲ್ಯಾಗ್ ಏಳುವುದು ನಿಲ್ಲುವುದಿಲ್ಲ. ಬಾಗಿಲು ಹಾಕಿದರೂ ಹೊರಗೆ ಬಂದವರು ಜಗಲಿಯಲ್ಲಿ ಕೂತೇ ಇರುತ್ತಾರೆ. 50 ಮಿಲಿಸೆಕೆಂಡ್ ಆದ ಮೇಲೆ ಬಿಟ್ ಹಾಕಿದ ಕ್ಷಣವೇ ಆ ಹಳೇ ಫ್ಲ್ಯಾಗ್ ಒಳಗೆ ಬಂದು ಇನ್ನೊಂದು ಎಣಿಕೆ ಸೇರಿಸುತ್ತಿತ್ತು. ಎನೇಬಲ್ ಹಾಕುವ ಮೊದಲು, ಹೊರಗಿನ ಪಿನ್ ಇಂಟರಪ್ಟ್‌ಗಳ ಫ್ಲ್ಯಾಗ್ ಇರುವ ಜಿಐಎಫ್‌ಆರ್ ರಿಜಿಸ್ಟರ್‌ನಲ್ಲಿ ಇಂಟ್0 ಫ್ಲ್ಯಾಗ್ ಅಳಿಸುವ ಸಾಲು ಸೇರಿಸಿದೆ, ಇಲ್ಲೂ = ಹಾಕಿ. ಮತ್ತೆ ಒಂದು ಲೀಟರ್ ಬಿಟ್ಟೆ, 158 ಬಂತು. ಬಟ್ಟಲಲ್ಲಿ ಸ್ವಲ್ಪ ನೀರು ಉಳಿದಿತ್ತು.

ಕೊನೆಯದು, ಎಣಿಕೆಯನ್ನು ಮೇನ್ ಲೂಪ್‌ನಲ್ಲಿ ಓದುವುದು. ಎಣಿಕೆ 16 ಬಿಟ್, ಚಿಪ್ ಓದುವುದು ಎಂಟೆಂಟು ಬಿಟ್. 255 ಇದ್ದಾಗ ಕೆಳಗಿನ ಬೈಟ್ ಓದಿ, ಮೇಲಿನದು ಓದುವ ಮೊದಲು ಇಂಟರಪ್ಟ್ ಬಂದರೆ 511 ಸಿಗುತ್ತದೆ. ಸಿಮ್ಯುಲೇಟರ್‌ನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿ ಪಲ್ಸ್ ಕೊಟ್ಟು ನೋಡಿದೆ, 51 ಮಿ.ಮೀ. ಮಳೆ 102.2 ಆಯ್ತು. ಅಪರೂಪಕ್ಕೆ ಆಗುವುದು ನಿಜ. ಆದರೆ ಮಳೆಗಾಲದ ಆಟಿ ತಿಂಗಳಲ್ಲಿ 100 ಮಿ.ಮೀ. ಇಲ್ಲಿ ನಂಬುವಂಥ ಅಂಕಿಯೇ, ಸುಳ್ಳು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕೆ ಮೂರು ದಾರಿ ನೋಡಿದೆ. ಸಿಎಲ್‌ಐ (ಇಂಟರಪ್ಟ್ ಪೂರ್ತಿ ನಿಲ್ಲಿಸು), ಓದು, ಎಸ್‌ಇಐ (ಮತ್ತೆ ತೆರೆ): ಸುಲಭ, ಆದರೆ ಇಂಟರಪ್ಟ್ ಮೊದಲೇ ನಿಲ್ಲಿಸಿದ್ದ ಕಡೆಯಿಂದ ಈ ಫಂಕ್ಷನ್ ಕರೆದರೆ ಎಸ್‌ಇಐ ಸುಮ್ನೆ ಅದನ್ನು ತೆರೆದುಬಿಡುತ್ತದೆ. ಇಂಟ್0 ಎನೇಬಲ್ ಮಾತ್ರ ತೆಗೆದು ಹಾಕುವುದು: ಗಡಿಯಾರ ನಿಲ್ಲುವುದಿಲ್ಲ, ನನಗೆ ಮೊದಲು ಇದೇ ಇಷ್ಟ ಆಗಿತ್ತು. ಆದರೆ ಅದುರುವ 50 ಮಿಲಿಸೆಕೆಂಡ್ ನಡುವೆ ಮೇನ್ ಲೂಪ್ ಬಂದು ಅದೇ ಬಿಟ್ ಹಾಕಿಬಿಟ್ಟರೆ ಎಣಿಕೆ ಮತ್ತೆ ಜಾಸ್ತಿ. ಇಂಟರಪ್ಟ್ ತೆರೆದಿದೆಯಾ ಮುಚ್ಚಿದೆಯಾ ಅನ್ನುವ ಬಿಟ್ ಇರುವ ಎಸ್‌ರೆಗ್ ರಿಜಿಸ್ಟರ್ ಉಳಿಸಿಕೊಂಡು, ಸಿಎಲ್‌ಐ, ಓದು, ಎಸ್‌ರೆಗ್ ವಾಪಸ್: ನಾನು ಇಟ್ಟುಕೊಂಡಿದ್ದು ಇದನ್ನೇ. ಇಂಟರಪ್ಟ್ ಮೊದಲು ಹೇಗಿತ್ತೋ ಹಾಗೇ ಬಿಡುತ್ತದೆ. ನಿಲ್ಲುವುದೂ ಕೆಲವೇ ಕ್ಲಾಕ್ ಅಷ್ಟೇ. ಇಂಟ್0ರ ಎನೇಬಲ್ ಬಿಟ್ ಮುಟ್ಟುವ ಸಾಲು ಈಗ ಇಡೀ ಪ್ರೋಗ್ರಾಂನಲ್ಲಿ ಎರಡೇ, ಎರಡೂ ಡಿಬೌನ್ಸ್ (ಸ್ವಿಚ್ ಅದುರುವುದನ್ನು ಲೆಕ್ಕಕ್ಕೆ ಬಿಡದ ಭಾಗ) ಒಳಗೇ ಇವೆ.