ಶಿಯಾನ್‌ಗೆ ಮೂರು ಸಲ, ಮೂರು ಥರ: ಬಸ್ ಟೂರ್, ಕಾರು-ಗೈಡ್, ಮೆಟ್ರೊ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಓದಿ. ಇನ್ನೊಂದು ಸಲ ಚೀನಾದ ಶಿಯಾನ್‌ಗೆ ಹೋದರೆ ನಾನು ಹೋಗುವುದು ಮೆಟ್ರೊದಲ್ಲೇ. ಚೀನಾದ ಮೊದಲ ಚಕ್ರವರ್ತಿಯ ಜೊತೆ ಹೂಳಿದ್ದ ಮಣ್ಣಿನ ಸೈನಿಕರ (ಟೆರಾಕೋಟಾ ಆರ್ಮಿ) ಮ್ಯೂಸಿಯಂ ತನಕ ನಮ್ಮ ಪಾಡಿಗೆ ನಾವು ಹೋಗಿ, ಒಳಗೆ ಸುತ್ತುವುದಕ್ಕೆ ಮಾತ್ರ ಗೈಡ್ ಹಿಡಿಯುವುದು. ದೊಡ್ಡ ಬಸ್ಸಿನ ಒಂದು ದಿನದ ಟೂರ್‌ಗೆ ಪುಕ್ಕಟೆ ಕರೆದರೂ ಬರಲ್ಲ.

ನಾವಿರುವುದು ಶಾಂಘೈನಲ್ಲಿ, ನನ್ನ ಗಂಡನ ಕೆಲಸ ಇಲ್ಲಿ. ಇಲ್ಲಿಂದ ಶಿಯಾನ್‌ಗೆ ವೇಗದ ರೈಲಿನಲ್ಲಿ ಆರು ಗಂಟೆಯ ಆಸುಪಾಸು. (ನಮ್ಮ ಪತ್ರಿಕೆಗಳಲ್ಲಿ ಕ್ಸಿಯಾನ್ ಅಂತ ಬರುತ್ತದೆ, ಇಲ್ಲಿಯವರ ಬಾಯಲ್ಲಿ ಅದು ಶಿಯಾನ್.) ಮೊದಲ ಸಲ ನಾನು, ನನ್ನ ಗಂಡ ಬಸ್ ಟೂರ್‌ನಲ್ಲಿ ಹೋದೆವು. ಎರಡನೇ ಸಲ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದರು. ಆಗ ಕಾರು ಮಾಡಿ, ನಮಗೇ ಅಂತ ಒಬ್ಬ ಗೈಡ್ ಇಟ್ಟುಕೊಂಡೆವು. ಮೂರನೇ ಸಲ ಬೆಂಗಳೂರಿನ ಗೆಳತಿಯ ಜೊತೆ ಮೆಟ್ರೊ. ಒಂದೇ ಊರನ್ನು ಮೂರು ಸಲ ಯಾಕೆ ನೋಡಿದೆ ಅಂದರೆ, ಮೊದಲ ಸಲ ನೋಡಿದ್ದು ನೋಡಿದ ಹಾಗೇ ಆಗಲಿಲ್ಲ.

ಬಸ್ ಟೂರ್‌ಗೆ ತಲೆಗೆ 380 ಯುವಾನ್ ಕೊಟ್ಟಿದ್ದೆವು. ಯುವಾನ್‌ಗೆ ಹನ್ನೆರಡು ರೂಪಾಯಿ ಅಂತ ಲೆಕ್ಕ ಹಾಕಿದರೆ ನಾಲ್ಕೂವರೆ ಸಾವಿರ. ಹೋಟೆಲಿನಿಂದ ಕರೆದೊಯ್ಯುವುದು, ಮ್ಯೂಸಿಯಂ ಟಿಕೆಟ್, ಮಧ್ಯಾಹ್ನದ ಊಟ, ಇಂಗ್ಲಿಷ್ ಮಾತಾಡುವ ಗೈಡ್, ಎಲ್ಲ ಸೇರಿ. ಟಿಕೆಟ್ಟೇ 120 ಯುವಾನ್ ಇರುವಾಗ ಇದು ಅಗ್ಗವೇ ಅಲ್ವಾ ಅಂದುಕೊಂಡು ಬುಕ್ ಮಾಡಿದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಒಂದು ಸಾಲು ಇತ್ತು: ‘ಮಣ್ಣಿನ ಸೈನಿಕರನ್ನು ತಯಾರಿಸುವ ಬಗೆ ನೋಡುವ ಅವಕಾಶ’. ಆಹಾ, ಅದೂ ಇದೆ ಅಂತ ಖುಷಿಪಟ್ಟವಳು ನಾನೇ.

ಬೆಳಿಗ್ಗೆ ಎಂಟಕ್ಕೆ ಬಸ್ ಹತ್ತಿದೆವು. ಇನ್ನೂ ನಾಲ್ಕು ಹೋಟೆಲ್ ಸುತ್ತಿ ಜನ ತುಂಬಿಸಿಕೊಳ್ಳುವಷ್ಟರಲ್ಲಿ ಒಂಬತ್ತೂಕಾಲು. ಮ್ಯೂಸಿಯಂ ಇರುವುದು ಊರಿನಿಂದ ಪೂರ್ವಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ, ಲಿಂಟಾಂಗ್ ಅನ್ನುವ ಕಡೆ. ಹತ್ತಕ್ಕೆ ಬಸ್ ನಿಂತಿತು. ಇಳಿದು ನೋಡಿದರೆ ಮ್ಯೂಸಿಯಂ ಅಲ್ಲ, ಫ್ಯಾಕ್ಟರಿ.

ಅಲ್ಲಿ ಒಬ್ಬ ಹುಡುಗಿ ಅಚ್ಚಿಗೆ ಮಣ್ಣು ಒತ್ತಿ, ಅಚ್ಚು ಬಿಡಿಸಿ, ಅಂಗೈ ಉದ್ದದ ಸೈನಿಕನನ್ನು ತೆಗೆದು ತೋರಿಸಿದಳು. ಐದು ನಿಮಿಷ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಬಾಗಿಲು ತೆರೆಯಿತು. ಮದುವೆ ಛತ್ರದಷ್ಟು ದೊಡ್ಡ ಹಾಲ್. ಆಳೆತ್ತರದ ಸೈನಿಕರು, ಜೇಡ್ ಬಳೆ, ಅರಗು ಬಳಿದ ಬೀರು, ರೇಷ್ಮೆ ರಜಾಯಿ. ಒಬ್ಬೊಬ್ಬರ ಹಿಂದೆ ಒಬ್ಬೊಬ್ಬ ಮಾರಾಟದ ಹುಡುಗಿ, ಕೈಗೆ ಪೇಪರ್ ಲೋಟದಲ್ಲಿ ಟೀ. ಹೊರಗೆ ಹೋಗೋಣ ಅಂದರೆ ಬಸ್ಸಿನ ಬಾಗಿಲು ಹಾಕಿದೆ. ಗೈಡ್ ಮತ್ತು ಡ್ರೈವರ್ ನೆರಳಲ್ಲಿ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದರು. ‘ಎಷ್ಟು ಹೊತ್ತು?’ ಅಂದೆ. ‘ಹತ್ತು ನಿಮಿಷ’ ಅಂದರು. ಅರ್ಧ ಗಂಟೆ ಬಿಟ್ಟು ಕೇಳಿದೆ. ಆಗಲೂ ಹತ್ತು ನಿಮಿಷ.

ಕಾಯ್ದು ಕಾಯ್ದು ನನ್ನ ಗಂಡ ಸೋತು ಐದು ಸೈನಿಕರ ಒಂದು ಡಬ್ಬಿ ಕೊಂಡರು. 280 ಹೇಳಿದ್ದನ್ನು 180ಕ್ಕೆ ಇಳಿಸಿದೆ ಅಂತ ಬೀಗಿದರು ಬೇರೆ. ಅದೇ ಡಬ್ಬಿ, ಅದೇ ಹಳದಿ ಬಟ್ಟೆಯ ಒಳಪದರ, ಮ್ಯೂಸಿಯಂನಿಂದ ಹೊರಬರುವ ಅಂಗಡಿ ಬೀದಿಯಲ್ಲಿ 25 ಯುವಾನ್. ಅವರ ಮುಖ ನೋಡಿ ನಾನೇನೂ ಅನ್ನಲಿಲ್ಲ. ಸಂಜೆ ಅಂದೆ.

ದುಡ್ಡು ಹೋಗಲಿ. ಹೊಟ್ಟೆ ಉರಿಸಿದ್ದು ಹೊತ್ತು. ಫ್ಯಾಕ್ಟರಿಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ, ಆಮೇಲೆ ಅಲ್ಲೇ ಹತ್ತಿರ ಊಟ. ಮ್ಯೂಸಿಯಂ ಒಳಗೆ ಕಾಲಿಟ್ಟಾಗ ಒಂದು ಗಂಟೆ. ಸೈನಿಕರು ಸಿಕ್ಕ ಮೂರೂ ಗುಂಡಿ ಸೇರಿ ಒಂದೂವರೆ ಗಂಟೆ ಕೊಟ್ಟರು. ಒಂದನೇ ಗುಂಡಿಯೇ ಸುಮಾರು 230 ಮೀಟರ್ ಉದ್ದ. ಮುಂದಿನ ಕಟಕಟೆ ಹತ್ತಿರ ಐದಾರು ಸಾಲು ಜನ. ಅವರ ತಲೆ, ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ ಸೈನಿಕರು ಕಂಡರು. ಗೈಡ್ ಬಾವುಟ ಎತ್ತಿಕೊಂಡು ನಡೆದೇಬಿಟ್ಟರು. ಎರಡನೇ ಗುಂಡಿಯಲ್ಲಿ ‘ಇಲ್ಲಿ ಜಾಸ್ತಿ ಏನಿಲ್ಲ, ಇನ್ನೂ ಅಗೆದಿಲ್ಲ’ ಅಂತ ಒಂದು ಸುತ್ತು ಹಾಕಿಸಿದರು. ಈ ಮಾತು ನೆನಪಿಟ್ಟುಕೊಳ್ಳಿ.

ಚೀನಾದಲ್ಲಿ ಇದಕ್ಕೆ ಕಾನೂನೇ ಇದೆ. 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪ್ರವಾಸೋದ್ಯಮ ಕಾನೂನಿನ ಪ್ರಕಾರ, ಕಡಿಮೆ ರೇಟ್ ತೋರಿಸಿ ಜನ ಸೇರಿಸಿ, ಅಂಗಡಿಗೆ ಕರೆದೊಯ್ದು ಕಮಿಷನ್ ತೆಗೆಯುವಂತಿಲ್ಲ. ಆದರೆ ‘ತಯಾರಿಸುವ ಬಗೆ ನೋಡುವುದು’ ಅಂಗಡಿ ಹೇಗಾಗುತ್ತದೆ, ಅಲ್ವಾ? ಇಲ್ಲಿನ ಜನ ಇದಕ್ಕೊಂದು ಮಾತು ಇಟ್ಟುಕೊಂಡಿದ್ದಾರೆ. ‘ಚುನ್‌ವಾನ್’. ಬರೀ ಸುತ್ತಾಟ, ಅಂಗಡಿ ಇಲ್ಲ ಅಂತ ಅರ್ಥ. ಬುಕ್ ಮಾಡುವಾಗ ‘ಚುನ್‌ವಾನ್ ಹೌದಾ?’ ಅಂತ ಕೇಳಿ. ಅದರ ಜೊತೆ ಇನ್ನೊಂದು ಪ್ರಶ್ನೆ, ಇದು ನಾನು ಕಂಡುಕೊಂಡದ್ದು: ‘ಒಂದನೇ ಗುಂಡಿಯ ಬಾಗಿಲಲ್ಲಿ ಎಷ್ಟು ಗಂಟೆಗೆ ಇರುತ್ತೇವೆ?’ ಹತ್ತರೊಳಗೆ ಅಂದರೆ ಸರಿ. ‘ಊಟ ಆದಮೇಲೆ’ ಅಂದರೆ ನಡುವೆ ಫ್ಯಾಕ್ಟರಿ ಇದೆ.

ಊಟ ಹೇಗಿತ್ತು ಅಂದಿರಾ? ತಿರುಗುವ ಮೇಜು, ಹತ್ತು ಜನ. ಸಸ್ಯಾಹಾರಿ ಅಂತ ಮೊದಲೇ ಬರೆದಿದ್ದೆ. ಟೊಮೆಟೊ-ಮೊಟ್ಟೆ ಪಲ್ಯ ಇಟ್ಟರು. ನಾನು ಮೊಟ್ಟೆ ತಿನ್ನುತ್ತೇನೆ, ಬದುಕಿದೆ. ಕೋಸಿನ ಪಲ್ಯದಲ್ಲಿ ಹಂದಿ ಮಾಂಸದ ಚೂರು.

ಊರಿನ ಕೋಟೆ ಗೋಡೆಯನ್ನು ಬಸ್ಸಿನವರು ಕೆಳಗಿನಿಂದ ತೋರಿಸಿದರು. ಇಪ್ಪತ್ತು ನಿಮಿಷ, ಫೋಟೊ, ಮುಗೀತು.

ಕಾರು-ಗೈಡ್ ಕತೆ ಪೂರ್ತಿ ಬೇರೆ. ದಿನಕ್ಕೆ 1,300 ಯುವಾನ್, ಟಿಕೆಟ್ ನಮ್ಮದೇ. ನಾಲ್ಕು ಜನಕ್ಕೆ ಹಂಚಿದರೆ ಬಸ್ಸಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಂಟೂವರೆಗೆ ಮ್ಯೂಸಿಯಂ ಗೇಟಿನಲ್ಲಿದ್ದೆವು. ಗೇಟಿನಿಂದ ಗುಂಡಿಗಳ ತನಕ ನಡಿಗೆ ಜಾಸ್ತಿ ಅಂತ, ನನ್ನ ಅಮ್ಮನ ಮೊಣಕಾಲು ನೋಡಿಯೇ ಗೈಡ್ ಬ್ಯಾಟರಿ ಗಾಡಿ ಹತ್ತಿಸಿದರು. ‘ದಾರಿಯಲ್ಲಿ ಜೇಡ್ ನೋಡುತ್ತೀರಾ?’ ಅಂತ ಒಂದೇ ಸಲ ಕೇಳಿದರು, ಅಪ್ಪ ಬೇಡ ಅಂದರು, ಮತ್ತೆ ಆ ಮಾತಿಲ್ಲ.

ಮಧ್ಯಾಹ್ನ ಊರಿಗೆ ವಾಪಸ್ ಬಂದು ದೊಡ್ಡ ಹೆಬ್ಬಾತು ಗೋಪುರಕ್ಕೆ ಹೋದೆವು. ಏಳು ಅಂತಸ್ತಿನ ಇಟ್ಟಿಗೆ ಗೋಪುರ. ಗೈಡ್ ‘ಶ್ವೆನ್‌ಜಾಂಗ್, ಶ್ವೆನ್‌ಜಾಂಗ್’ ಅಂತ ಅರ್ಧ ಗಂಟೆ ಹೇಳಿದರು. ಭಾರತಕ್ಕೆ ಹೋದರು, 645ರಲ್ಲಿ ಗ್ರಂಥಗಳನ್ನು ಹೊತ್ತು ವಾಪಸ್ ಬಂದರು, ಅವನ್ನು ಕಾಪಾಡಲು 652ರಲ್ಲಿ ಇದನ್ನು ಕಟ್ಟಿಸಿದರು. ಅಪ್ಪ ಸುಮ್ನೆ ತಲೆ ಆಡಿಸುತ್ತಿದ್ದರು. ದಕ್ಷಿಣದ ಚೌಕದಲ್ಲಿ ಕೋಲು ಹಿಡಿದು ನಿಂತ ಭಿಕ್ಷುವಿನ ಪ್ರತಿಮೆ ಕಂಡಿದ್ದೇ ತಡ, ‘ಲೇ, ಇವನು ನಮ್ಮ ಹ್ಯೂಯೆನ್‌ತ್ಸಾಂಗ್ ಕಣೇ!’ ಅಂದರು. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಈ ಯಾತ್ರಿಕನ ಹೆಸರು ಬರದ ವರ್ಷವಿಲ್ಲ. ಆಮೇಲೆ ಅಪ್ಪನೇ ಗೈಡ್. ಪುಲಕೇಶಿಯ ಸೈನಿಕರ ಬಗ್ಗೆ, ಕುಡಿಸಿದ ಆನೆಗಳನ್ನು ಯುದ್ಧಕ್ಕೆ ಬಿಡುತ್ತಿದ್ದ ಬಗ್ಗೆ ಆ ಮನುಷ್ಯ ಬರೆದಿಟ್ಟದ್ದನ್ನೆಲ್ಲ ಕನ್ನಡ-ಇಂಗ್ಲಿಷ್ ಬೆರೆಸಿ ಹೇಳಿದರು. ನಮ್ಮ ಗೈಡ್ ಆಯಮ್ಮ ಪುಸ್ತಕ ತೆಗೆದು ಬರೆದುಕೊಂಡರು. ಬಸ್ ಟೂರ್‌ನಲ್ಲಿ ಇದು ಸಾಧ್ಯವಾ? ಬಾವುಟ ಮುಂದೆ ಹೋಗಿಬಿಟ್ಟಿರುತ್ತಿತ್ತು.

ಹಾಗಾದರೆ ಕಾರೇ ಒಳ್ಳೆಯದಲ್ವಾ ಅಂದರೆ, ಅಪ್ಪ ಅಮ್ಮನ ಜೊತೆ ಹೌದು. ನನಗೆ ಇಡೀ ದಿನ ಒಬ್ಬರ ಜೊತೆ ಮಾತಾಡುತ್ತಲೇ ಇರುವುದು ಸುಸ್ತು. ಒಂದು ಕಡೆ ಕೂತು ಕಾಲು ಗಂಟೆ ಸುಮ್ನೆ ನೋಡುತ್ತೇನೆ ಅಂದರೆ ಡ್ರೈವರ್ ಕಾಯುತ್ತಿದ್ದಾರಲ್ಲ ಅನ್ನುವ ಸಂಕೋಚ. ಇಬ್ಬರೇ ಹೋದರೆ ತಲೆಗೆ 650 ಬೀಳುತ್ತದೆ, ಟಿಕೆಟ್ ಬೇರೆ. ಅಷ್ಟು ಕೈ ಬಿಚ್ಚುವವಳಲ್ಲ ನಾನು.

ಇನ್ನು ಮೆಟ್ರೊ. ಒಂದನೇ ಲೈನ್‌ನಲ್ಲಿ ಪೂರ್ವಕ್ಕೆ ಫಾಂಗ್‌ಝಿಚೆಂಗ್ ತನಕ. ಆ ಹೆಸರಿಗೆ ‘ಜವಳಿ ಊರು’ ಅಂತ ಅರ್ಥ, ಹಿಂದೆ ಬಟ್ಟೆ ಗಿರಣಿಗಳಿದ್ದ ಕಡೆ. ಅಲ್ಲಿ ಒಂಬತ್ತನೇ ಲೈನ್ ಹಿಡಿದು ಹುವಾಚಿಂಗ್‌ಚಿ ನಿಲ್ದಾಣ. 2020ರ ಕೊನೆಯಲ್ಲಿ ಈ ಲೈನ್ ಶುರುವಾಗಿದೆ. ಅಲ್ಲಿಂದ ಮ್ಯೂಸಿಯಂಗೆ ಸಿಟಿ ಬಸ್. ಒಟ್ಟು ಖರ್ಚು ಹದಿನೈದು ಯುವಾನ್ ಒಳಗೆ. ಒಂದೂವರೆ ಗಂಟೆ ಹಿಡಿಯಿತು.

ಕಿರಿಕಿರಿ ಇಲ್ಲ ಅಂತಲ್ಲ. ನಿಲ್ದಾಣದ ಹೊರಗೆ ‘ಇವತ್ತು ಬಸ್ ಇಲ್ಲ’ ಅನ್ನುವ ಟ್ಯಾಕ್ಸಿಯವರು ಇದ್ದೇ ಇರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಇಳಿದು ಅಭ್ಯಾಸ ಇರುವವರಿಗೆ ಇದೇನು ದೊಡ್ಡದಲ್ಲ, ಮುಖ ನೋಡದೆ ಮುಂದೆ ನಡೆಯಬೇಕು. ಟಿಕೆಟ್ ಮೊದಲೇ ಪಾಸ್‌ಪೋರ್ಟ್ ನಂಬರ್ ಹಾಕಿ ಬುಕ್ ಮಾಡಬೇಕು, ಪಾಸ್‌ಪೋರ್ಟ್ ಜೊತೆಯಲ್ಲೇ ಇರಬೇಕು. ಇಲ್ಲಿ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ನಿಮ್ಮ ಕಾರ್ಡ್ ಜೋಡಿಸಿಕೊಂಡು ಬನ್ನಿ. ಗೂಗಲ್ ಮ್ಯಾಪ್ ನಂಬಬೇಡಿ. ಅಕ್ಟೋಬರ್ ಮೊದಲ ವಾರದ ರಜೆಯಲ್ಲಂತೂ ಯಾವ ರೀತಿಯಲ್ಲೂ ಹೋಗಬೇಡಿ.

ಗೇಟಿನ ಹತ್ತಿರ ಮ್ಯೂಸಿಯಂನವರದೇ ಗೈಡ್ ಕೌಂಟರ್ ಇದೆ. 200 ಯುವಾನ್ ಕೊಟ್ಟೆವು. ಅಲ್ಲೇ ನಿಂತಿದ್ದ ಶ್ರೀಲಂಕಾದ ದಂಪತಿ ಸೇರಿಕೊಂಡರು, ತಲೆಗೆ ಐವತ್ತಾಯಿತು. ಗೈಡ್ ನಮ್ಮನ್ನು ಮೊದಲು ಮೂರನೇ ಗುಂಡಿಗೆ ಕರೆದೊಯ್ದರು, ಆಮೇಲೆ ಎರಡು, ಕೊನೆಗೆ ಒಂದು. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದೇ ಸರಿ, ಒಂದನ್ನು ಮೊದಲು ನೋಡಿದರೆ ಮಿಕ್ಕಿದ್ದು ಸಪ್ಪೆ.

‘ಜಾಸ್ತಿ ಏನಿಲ್ಲ’ ಅನ್ನಿಸಿಕೊಂಡ ಎರಡನೇ ಗುಂಡಿಗೆ ಬಂದೆವು. ಗಾಜಿನ ಪೆಟ್ಟಿಗೆಯಲ್ಲಿ ಮಂಡಿಯೂರಿ ಕೂತ ಬಿಲ್ಲುಗಾರ. ಎಲ್ಲರೂ ಮುಂದೆ ನಿಂತು ಮುಖದ ಫೋಟೊ ತೆಗೆಯುತ್ತಿದ್ದರು. ಗೈಡ್ ನಮ್ಮನ್ನು ಹಿಂದಕ್ಕೆ ಕರೆದು, ಬಗ್ಗಿ ನೋಡಿ ಅಂದರು. ಮಡಿಸಿದ ಬಲಗಾಲಿನ ಚಪ್ಪಲಿಯ ಅಡಿ ಕಾಣುತ್ತದೆ. ಅದರಲ್ಲಿ ಹೊಲಿಗೆ! ಒಂದೊಂದು ಟಾಕೂ ಚುಕ್ಕಿ ಇಟ್ಟ ಹಾಗೆ. ಬೆರಳಿನ ಕಡೆ ಮತ್ತು ಹಿಮ್ಮಡಿಯಲ್ಲಿ ಒತ್ತೊತ್ತಾಗಿ, ನಡುವೆ ವಿರಳ. ಸವೆಯುವ ಕಡೆ ಜಾಸ್ತಿ ಹೊಲಿದಿದ್ದಾರೆ. ಕ್ರಿಸ್ತಪೂರ್ವ 210ರಲ್ಲಿ ಸತ್ತ ಆ ಚಕ್ರವರ್ತಿಯ ಜೊತೆ, ಯಾರೂ ನೋಡದಿರಲಿ ಅಂತ ಹೂಳುವ ಬೊಂಬೆ. ಅದರ ಚಪ್ಪಲಿಯ ಅಡಿಗೂ ಲೆಕ್ಕ ತಪ್ಪದೆ ಟಾಕು ಹಾಕಿದವನು ಯಾರೋ ಏನೋ. ನನ್ನ ಗೆಳತಿ ನೆಲಕ್ಕೆ ಕೂತೇಬಿಟ್ಟಳು. ಇಪ್ಪತ್ತು ನಿಮಿಷ ಆ ಪೆಟ್ಟಿಗೆ ಹತ್ತಿರವೇ ಇದ್ದೆವು, ಯಾರೂ ಬಾವುಟ ಎತ್ತಲಿಲ್ಲ.

ಗೈಡ್ ಬಿಟ್ಟುಹೋದ ಮೇಲೆ ಒಂದನೇ ಗುಂಡಿಯಲ್ಲಿ ಇನ್ನೊಂದು ಗಂಟೆ ಕಳೆದೆವು. ಮುಂಭಾಗದಲ್ಲಿ, 1974ರ ಮಾರ್ಚ್‌ನಲ್ಲಿ ರೈತರು ಬಾವಿ ತೋಡಿದ ಜಾಗಕ್ಕೆ ಒಂದು ಫಲಕ ಇದೆ. ಹಿಂದುಗಡೆ ರಿಪೇರಿ ಜಾಗ. ತಲೆ ಇಲ್ಲದವರು, ತೋಳಿಲ್ಲದವರು, ಪ್ಲಾಸ್ಟಿಕ್ ಸುತ್ತಿಸಿಕೊಂಡವರು, ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲಿನ ಹಾಗೆ ನಿಂತಿದ್ದಾರೆ. ಬಸ್ ಟೂರ್‌ನವರು ಅಲ್ಲಿ ತನಕ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ, ಜನ ಕಡಿಮೆ.

ಊಟ ಹುವಾಚಿಂಗ್‌ಚಿ ಹತ್ತಿರದ ಸಣ್ಣ ಅಂಗಡಿಯಲ್ಲಿ. ‘ವೊ ಛ್ರ ಸೂ’ ಅಂದೆ, ನಾನು ಸಸ್ಯಾಹಾರಿ ಅಂತ. ಲಿಯಾಂಗ್‌ಪಿ ಕೊಟ್ಟರು. ಅಕ್ಕಿ ಹಪ್ಪಳಕ್ಕೆ ತಟ್ಟೆಗೆ ಹಿಟ್ಟು ಹುಯ್ದು ಹಬೆ ಕೊಡುತ್ತಾರಲ್ಲ, ಹಾಗೆ ಬೇಯಿಸಿ ಅಗಲ ಪಟ್ಟಿ ಕೊಯ್ದು, ಸೌತೆಕಾಯಿ, ಕಪ್ಪು ವಿನೆಗರ್, ಕೆಂಪಗೆ ಮೆಣಸಿನೆಣ್ಣೆ. ತಣ್ಣಗಿರುತ್ತದೆ. ಹತ್ತು ಯುವಾನ್. ಬಸ್ಸಿನವರ ಹತ್ತು ಬಗೆಗಿಂತ ಇದೊಂದು ಸಾಕು.

ಸಂಜೆ ಕೋಟೆ ಗೋಡೆ ಹತ್ತಿದೆವು. ಟಿಕೆಟ್ 54 ಯುವಾನ್, ಮೇಲೆ ಬಾಡಿಗೆ ಸೈಕಲ್. ಸುತ್ತಳತೆ ಹದಿಮೂರು ಕಿಲೋಮೀಟರ್‌ಗೂ ಜಾಸ್ತಿ. ಇಟ್ಟಿಗೆ ಹಾಸಿನ ಮೇಲೆ ಆ ಸೈಕಲ್ ಹೊಡೆದ ಮೇಲೆ ಎರಡು ದಿನ ಕುರ್ಚಿಯಲ್ಲಿ ಕೂರಲು ಆಗಲಿಲ್ಲ, ಆದರೂ ಇದನ್ನು ಬಿಡಬೇಡಿ. ಒಟ್ಟು ಲೆಕ್ಕ ನೋಡಿದರೆ, ಕೋಟೆ, ಸೈಕಲ್, ಊಟ ಎಲ್ಲ ಸೇರಿಯೂ ತಲೆಗೆ ಬಸ್ ಟೂರ್‌ಗಿಂತ ಕಡಿಮೆಗೇ ಮುಗಿಯಿತು.

ನಿಮಗೆ ಎರಡು ಮೆಟ್ರೊ ಹಿಡಿದು, ಆಮೇಲೆ ಬಸ್ ಹತ್ತುವುದು ಆಗಲ್ಲ, ಜೊತೆಯಲ್ಲಿ ವಯಸ್ಸಾದವರಿದ್ದಾರೆ ಅಂದರೆ ಕಾರು ಮಾಡಿ, ಯೋಚಿಸಬೇಡಿ. ಒಬ್ಬರೇ ಇದ್ದೀರಿ, ಏನೂ ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲ ಅಂದರೆ ಬಸ್, ಆದರೆ ಆ ಎರಡು ಪ್ರಶ್ನೆ ಕೇಳಿದ ಮೇಲೆ.

ಆ 180ರ ಡಬ್ಬಿಯ ಐವರಲ್ಲಿ ಒಬ್ಬನ ತಲೆ ರೈಲಿನಲ್ಲೇ ಮುರಿಯಿತು. ಫೆವಿಕ್ವಿಕ್ ಹಾಕಿ ಅಂಟಿಸಿದೆ, ಸ್ವಲ್ಪ ಓರೆಯಾಗಿ ಕೂತಿದೆ. ಈಗ ಅಪ್ಪ ಶಿವಮೊಗ್ಗದಿಂದ ಫೋನ್ ಮಾಡಿ, ಹ್ಯೂಯೆನ್‌ತ್ಸಾಂಗ್ ಹುಟ್ಟಿದ್ದು ಲುವೊಯಾಂಗ್ ಹತ್ತಿರವಂತೆ, ಅಲ್ಲಿಗೂ ಒಂದು ದಿನ ಹೋಗಬಹುದಾ ಅಂತ ಕೇಳುತ್ತಿದ್ದಾರೆ. ಅಲ್ಲಿನ ಒಂದು ಟೂರ್‌ನವರಿಗೆ ‘ಚುನ್‌ವಾನ್ ಹೌದಾ, ಲಾಂಗ್‌ಮೆನ್ ಗುಹೆಗಳ ಬಾಗಿಲಲ್ಲಿ ಎಷ್ಟು ಗಂಟೆಗೆ ಇರುತ್ತೇವೆ?’ ಅಂತ ಮೆಸೇಜ್ ಹಾಕಿ ಮೂರು ದಿನ ಆಯಿತು. ನೋಡಿದ್ದಾರೆ, ಉತ್ತರ ಬಂದಿಲ್ಲ.