ಒಂದು ಅರಿಶಿನದಿಂದ ಇಡೀ ಆ್ಯಪ್‌ಗೆ ಬಣ್ಣ: ಓಕೆಎಲ್‌ಸಿಎಚ್ ಬಳಸಿದ ಎರಡು ವರ್ಷ

ಹಾಲು ಉತ್ಪಾದಕರ ಸಂಘವೊಂದಕ್ಕೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಡಲು 2023ರ ಮಧ್ಯದಲ್ಲಿ ಕೂತಾಗ ಬಣ್ಣದ ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ನಮ್ಮ ಬೋರ್ಡಿನ ಅರಿಶಿನ ಇರಲಿ." ಬಟನ್ನು, ಅಂಚು, ಹಿನ್ನೆಲೆ, ಅಕ್ಷರ, ತಪ್ಪು ನಮೂದಿನ ಎಚ್ಚರಿಕೆ ಎಲ್ಲವೂ ಆ ಒಂದು ಬಣ್ಣದಿಂದಲೇ ಹುಟ್ಟಬೇಕಿತ್ತು. ಆ ಕೆಲಸಕ್ಕೆ ವೆಬ್ ಪುಟದ ರೂಪ ಬರೆಯುವ ಭಾಷೆ ಸಿಎಸ್ಎಸ್‌ನ ಓಕೆಎಲ್‌ಸಿಎಚ್ ಎಂಬ ಬಣ್ಣ ಬರೆಯುವ ಪದ್ಧತಿ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಇಷ್ಟು ದಿನ ಬಳಸಿದ ಮೇಲೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಎಚ್‌ಎಸ್‌ಎಲ್‌ನಲ್ಲೇ ಎಲ್ಲ ಮಾಡುತ್ತಿದ್ದೆ. ಬಣ್ಣ ಬರೆಯುವ ಆ ಹಳೆಯ ಪದ್ಧತಿಯಲ್ಲಿ ಅಚ್ಚ ಹಳದಿಗೂ ಅಚ್ಚ ನೀಲಿಗೂ ತಿಳಿತನ, ಅಂದರೆ ಲೈಟ್‌ನೆಸ್ 50 ಶೇಕಡಾ ಎಂದೇ ಬರುತ್ತದೆ. ಪರದೆಯ ಮೇಲೆ ನೋಡಿದರೆ ಹಳದಿ ಕಣ್ಣು ಕೋರೈಸುತ್ತದೆ, ನೀಲಿ ಕತ್ತಲೆಯ ಹಾಗಿರುತ್ತದೆ. ಬಿಳಿಯ ಎದುರು ಆ ನೀಲಿಗೆ ಕಾಂಟ್ರಾಸ್ಟ್ (ಎರಡು ಬಣ್ಣಗಳ ಹೊಳಪಿನ ಅನುಪಾತ) ಸುಮಾರು 8.6:1 ಇದ್ದರೆ ಹಳದಿಗೆ ಬರೀ 1.07:1. ಅಂಕಿ ಒಂದೇ, ಕಣ್ಣಿಗೆ ಕಾಣುವುದು ಅಜಗಜಾಂತರ. ಸ್ವೀಡನ್ನಿನ ಬ್ಯೋರ್ನ್ ಒಟ್ಟೊಸನ್ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಓಕೆಲ್ಯಾಬ್ ಎಂಬ ಬಣ್ಣದ ಮಾದರಿ ಈ ತೊಂದರೆಯನ್ನು ಬಹುಪಾಲು ಸರಿಮಾಡಿತು. ಅದನ್ನೇ ಲೈಟ್‌ನೆಸ್, ಕ್ರೋಮಾ (ಬಣ್ಣದ ಕಡುತನ), ಹ್ಯೂ (ಬಣ್ಣಚಕ್ರದ ಕೋನ) ಎಂದು ಮೂರು ಅಂಕಿಗಳಲ್ಲಿ ಬರೆದರೆ ಓಕೆಎಲ್‌ಸಿಎಚ್. ಇದರಲ್ಲಿ ಅದೇ ಹಳದಿಯ ಲೈಟ್‌ನೆಸ್ 0.97, ನೀಲಿಯದು 0.45. ಕಣ್ಣು ಹೇಳುವುದನ್ನೇ ಅಂಕಿಯೂ ಹೇಳುತ್ತದೆ.

ನನ್ನ ಅರಿಶಿನ ಹೀಗಿತ್ತು: ಲೈಟ್‌ನೆಸ್ 0.795, ಕ್ರೋಮಾ 0.184, ಹ್ಯೂ 86. ಕ್ರೋಮಾ, ಹ್ಯೂ ಎರಡನ್ನೂ ಹಾಗೇ ಇಟ್ಟು ಲೈಟ್‌ನೆಸ್ ಒಂದನ್ನೇ ಏರಿಳಿಸಿದರೆ ತಿಳಿಯಿಂದ ಗಾಢದವರೆಗೆ ಹನ್ನೊಂದು ಮೆಟ್ಟಿಲು ಸಿಕ್ಕಿಬಿಡುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. 0.42ಕ್ಕೆ ಇಳಿಸಿದಾಗ ಕಂಡದ್ದು ಮಳೆಗಾಲದ ಗೋಡೆಯ ಪಾಚಿ. ಅಷ್ಟು ಗಾಢವಾದ ಬಣ್ಣದಲ್ಲಿ 0.184 ಕ್ರೋಮಾವನ್ನು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯ ಪರದೆ ತೋರಿಸಲಾರದು. ಬ್ರೌಸರ್ ಅದನ್ನು ಕತ್ತರಿಸಿ ತನಗೆ ಆದದ್ದನ್ನು ಕೊಡುತ್ತದೆ. ಕ್ರೋಮಾವನ್ನು 0.09ಕ್ಕೆ ಇಳಿಸಿದೆ, ಆದರೂ ಹಸಿರು ಛಾಯೆ ಹೋಗಲಿಲ್ಲ. ಹ್ಯೂ 60ರ ಹತ್ತಿರ ತಂದಾಗ ಒಳ್ಳೆ ಬೆಲ್ಲದ ಬಣ್ಣ ಬಂತು. ಅರಿಶಿನದ ಪಕ್ಕ ಇಟ್ಟರೆ ಅದರದೇ ಮನೆಯದು ಅನಿಸುವಂಥದ್ದು. ತಿಳಿ ಕಡೆಗೆ ಹೋಗುವಾಗ ಇದರ ಉಲ್ಟಾ, ಹ್ಯೂವನ್ನು 100ರ ಕಡೆಗೆ ಸರಿಸಬೇಕು. ಸಿದ್ಧ ಸಿಎಸ್ಎಸ್ ಕೊಡುವ ಟೈಲ್‌ವಿಂಡ್‌ನ ನಾಲ್ಕನೇ ಆವೃತ್ತಿಯ ಹಳದಿ ಸಾಲನ್ನು ತೆರೆದು ನೋಡಿ: ಅತಿ ತಿಳಿಯದು ಹ್ಯೂ 102ರ ಹತ್ತಿರ, ಅತಿ ಗಾಢವಾದದ್ದು 54ರ ಹತ್ತಿರ. ನನಗೆ ಒಂದು ವಾರ ಹಿಡಿದ ಪಾಠ ಅಲ್ಲಿ ಅಂಕಿಗಳಲ್ಲೇ ಇದೆ. ನೀಲಿ, ಹಸಿರಿಗೆ ಇಷ್ಟು ಒದ್ದಾಟವಿಲ್ಲ, ಹಳದಿಯೇ ಕಷ್ಟದ ಬಣ್ಣ.

ಬಟನ್ ಮೇಲೆ ಬಿಳಿ ಅಕ್ಷರ ಬರೆಯುವ ಅಭ್ಯಾಸವನ್ನೂ ಬಿಡಬೇಕಾಯಿತು. ಆ ಅರಿಶಿನದ ಮೇಲೆ ಬಿಳಿಗೆ ಸಿಗುವುದು ಸುಮಾರು 1.9:1. ವೆಬ್ ಪುಟ ಎಲ್ಲರಿಗೂ ಓದಲು ಸಿಗಬೇಕೆನ್ನುವ ಮಾರ್ಗಸೂಚಿ ಡಬ್ಲ್ಯುಸಿಎಜಿ ಸಾಮಾನ್ಯ ಅಕ್ಷರಕ್ಕೆ ಕೇಳುವುದು 4.5:1. ಕನ್ನಡಕ್ಕೆ ನಾನು 4.5ಕ್ಕೂ ತೃಪ್ತನಲ್ಲ. "ಒಟ್ಟು" ಎಂಬ ಪದದ ಕೆಳಗಿನ ಟ ಒತ್ತು 14 ಪಿಕ್ಸೆಲ್‌ನಲ್ಲಿ ಎಷ್ಟು ಚಿಕ್ಕದಾಗುತ್ತದೆ ನೋಡಿ. ತಿಳಿ ಬೂದಿಯಲ್ಲಿ ಬರೆದರೆ ಒತ್ತಕ್ಷರವೇ ಕರಗಿಹೋಗುತ್ತದೆ. ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಸಂಘದ ಜಗಲಿಗೆ ನೇರ ಬಿಸಿಲು. ಕಾರ್ಯದರ್ಶಿಯವರು ಒಂದು ಕೈಯನ್ನು ಮೊಬೈಲಿಗೆ ಮರೆಮಾಡಿ ಫ್ಯಾಟ್ ಅಂಕಿ ಒತ್ತುವುದನ್ನು ನಾನೇ ನಿಂತು ನೋಡಿದ್ದೇನೆ. ಅವತ್ತಿನಿಂದ ಓದುವ ಅಕ್ಷರಕ್ಕೆಲ್ಲ 7:1 ಕಡ್ಡಾಯ. ಬೆಲ್ಲದ ಬಣ್ಣ ತಿಳಿ ಹಳದಿ ಹಿನ್ನೆಲೆಯ ಮೇಲೆ ಇದನ್ನು ಆರಾಮಾಗಿ ದಾಟುತ್ತದೆ.

ಇಲ್ಲೊಂದು ಎಚ್ಚರ ಬೇಕು. ಓಕೆಎಲ್‌ಸಿಎಚ್‌ನ ಲೈಟ್‌ನೆಸ್ಸೇ ಕಾಂಟ್ರಾಸ್ಟ್ ಅಲ್ಲ. ಲೈಟ್‌ನೆಸ್ ಒಂದೇ ಇದ್ದರೂ ಕೆಂಪು, ಹಸಿರು, ಬೂದುಗಳಿಗೆ ಬಿಳಿಯ ಎದುರು ಸಿಗುವ ಅನುಪಾತ ಬೇರೆ ಬೇರೆ. ಪ್ರತಿ ಜೋಡಿಯನ್ನೂ ಅಳೆದೇ ನಂಬಬೇಕು.

ಒಂದೇ ಮೂಲ ಬಣ್ಣದಿಂದ ಎಲ್ಲವೂ ಬರುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ತಪ್ಪಿಗೆ ಕೆಂಪು ಬೇಕೇಬೇಕು, ಸರಿಯಾದದ್ದಕ್ಕೆ ಹಸಿರು ಬೇಕೇಬೇಕು. ಅವುಗಳ ಹ್ಯೂ 27, 150 ಎಂದು ಕೈಯಾರೆ ಕೊಟ್ಟೆ, ಲೈಟ್‌ನೆಸ್ ಮಾತ್ರ ಮೂಲದ ಮೆಟ್ಟಿಲುಗಳಿಂದ ತೆಗೆದುಕೊಂಡೆ. ಎಚ್ಚರಿಕೆಯ ಬಣ್ಣದ್ದೇ ದೊಡ್ಡ ತಲೆನೋವು. ಎಲ್ಲರೂ ಬಳಸುವ ಹಳದಿ ನಮ್ಮಲ್ಲಿ ಬಟನ್‌ನ ಬಣ್ಣವೇ ಆಗಿತ್ತು. ಕೊನೆಗೆ ಎಚ್ಚರಿಕೆಯನ್ನು ಕಿತ್ತಳೆಗೆ ಸರಿಸಿ, ಪಕ್ಕದಲ್ಲಿ ಚಿಹ್ನೆಯನ್ನೂ "ಲೀಟರ್ ಸರಿ ಇದೆಯೇ ನೋಡಿ" ಎಂಬ ಮಾತನ್ನೂ ಇಟ್ಟೆ. ಕೆಂಪು, ಹಸಿರು ಬೇರ್ಪಡಿಸಿ ಕಾಣದವರೂ ಇರುತ್ತಾರಲ್ಲ, ಬಣ್ಣವೊಂದನ್ನೇ ನಂಬಿ ಕೂರುವುದು ಹೇಗೂ ತಪ್ಪು.

ನನ್ನಿಂದಾದ ದೊಡ್ಡ ತಪ್ಪು ಹಳೆ ಮೊಬೈಲ್‌ಗಳನ್ನು ಮರೆತದ್ದು. ಓಕೆಎಲ್‌ಸಿಎಚ್ ಸಫಾರಿಗೆ 2022ರ ಮಾರ್ಚ್‌ನಲ್ಲಿ, ಕ್ರೋಮ್‌ಗೆ 2023ರ ಮಾರ್ಚ್‌ನಲ್ಲಿ, ಫೈರ್‌ಫಾಕ್ಸ್‌ಗೆ ಅದೇ ಮೇನಲ್ಲಿ ಬಂತು. ಅದಕ್ಕೂ ಹಳೆಯ ಬ್ರೌಸರ್ ಆ ಸಾಲನ್ನೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ಕಾರ್ಯದರ್ಶಿಯವರು ಫೋನ್ ಮಾಡಿ, "ನಮ್ಮ ಹುಡುಗನ ಮೊಬೈಲ್ನಲ್ಲಿ ಬಟನ್ನೇ ಕಾಣಿಸ್ತಿಲ್ವಲ್ಲಪ್ಪ" ಅಂದಾಗ ನಾಚಿಕೆಯಾಯಿತು. ಪ್ರತಿ ಬಣ್ಣಕ್ಕೂ ಮುಂಚಿನ ಸಾಲಿನಲ್ಲಿ ಹಳೆ ಬ್ರೌಸರ್‌ಗೂ ತಿಳಿಯುವ ಹೆಕ್ಸ್ ಸಂಖ್ಯೆ ಬರೆದಿಟ್ಟೆ, ಸರಿಹೋಯಿತು.

2024ರ ಜುಲೈನಲ್ಲಿ ಫೈರ್‌ಫಾಕ್ಸ್ 128 ಬಂದ ಮೇಲೆ ಮೂಲ ಬಣ್ಣದಿಂದ ಉಳಿದವನ್ನು ಸಿಎಸ್ಎಸ್ಸೇ ಲೆಕ್ಕ ಹಾಕುವ ಸೌಲಭ್ಯ ಮೂರೂ ಬ್ರೌಸರ್‌ಗಳಲ್ಲಿ ಸಿಕ್ಕಿತು. ಇದು ನನಗೆ ಬಹಳ ಇಷ್ಟವಾದದ್ದು. ಇನ್ನೊಂದು ಸಂಘ ಇದೇ ಆ್ಯಪ್ ಅನ್ನು ಹಸಿರಿನಲ್ಲಿ ಕೇಳಿತು. ಮೂಲದ ಒಂದು ಸಾಲು ಬದಲಿಸಿದೆ, ಹಿನ್ನೆಲೆ, ಅಂಚು, ಪಟ್ಟಿಯ ಗೆರೆಗಳೆಲ್ಲ ಒಟ್ಟಿಗೇ ಬದಲಾದವು. ಬೂದು ಬಣ್ಣಗಳಿಗೂ 0.01ರಷ್ಟು ಕ್ರೋಮಾ ಕೊಟ್ಟಿದ್ದರಿಂದ ಅವೂ ಹಸಿರಿನ ಕಡೆ ತಿರುಗಿದವು. ಆದರೆ ಬಟನ್ ಮೇಲಿನ ಅಕ್ಷರವನ್ನು ಗಾಢದಿಂದ ಬಿಳಿಗೆ ನಾನೇ ಬದಲಿಸಬೇಕಾಯಿತು. ಹಳದಿಗಾಗಿ ಹಾಕಿದ್ದ ಹ್ಯೂ ಸರಿಸುವ ಲೆಕ್ಕವನ್ನು ತೆಗೆದೆ, ಹಸಿರಿಗೆ ಅದು ಬೇಡ.

ಡಾರ್ಕ್ ಮೋಡ್ ಇನ್ನೂ ನನಗೆ ಸಮಾಧಾನ ತಂದಿಲ್ಲ. ಮೆಟ್ಟಿಲುಗಳನ್ನು ತಲೆಕೆಳಗು ಮಾಡಿದರೆ ಹಿನ್ನೆಲೆಯೆಲ್ಲ ಕಂದು ಹಿಡಿದ ಹಾಗೆ ಕಾಣುತ್ತದೆ. ಈಗ ಹಿನ್ನೆಲೆಗೆ ಲೈಟ್‌ನೆಸ್ 0.2 ಇಟ್ಟು, ಕ್ರೋಮಾವನ್ನು ಬಹುತೇಕ ಸೊನ್ನೆಗೆ ತಂದು, ಅರಿಶಿನವನ್ನು ಬಟನ್‌ಗೆ ಮಾತ್ರ ಉಳಿಸಿದ್ದೇನೆ. ಸಂಜೆ ಹಾಲಿನ ಹೊತ್ತಿಗೆ ಅದನ್ನು ಹಾಕಿಕೊಳ್ಳುವವರು ಇಬ್ಬರಿದ್ದಾರೆ. ಮುಂದಿನ ಸಲ ಹೋದಾಗ ಅವರ ಮೊಬೈಲ್‌ಗಳಲ್ಲೇ ನೋಡಿ ಮತ್ತೆ ತಿದ್ದುತ್ತೇನೆ.