ಕೌದಿಗೆ ಮಷಿನ್ ಹೊಲಿಗೆ: ಮಾಮೂಲಿ ಫೂಟ್, ವಾಕಿಂಗ್ ಫೂಟ್, ಡಾರ್ನಿಂಗ್ ಫೂಟ್

ಮಷಿನ್ನಿನಲ್ಲಿ ಸೂಜಿಯ ಬಳಿ ಬಟ್ಟೆಯನ್ನು ಹಿಡಿಯುವ ಭಾಗವೇ ಫೂಟ್. ಈ ಮೂರು ಬಗೆಯ ಫೂಟನ್ನೂ ಒಂದೇ ಬಗೆಯ ಬಟ್ಟೆಯ ಮೇಲೆ ಓಡಿಸಿ ನೋಡಿದೆವು. ಮೇಲೆ ತುಂಡು ಜೋಡಿಸಿದ ಕಾಟನ್, ನಡುವೆ ಎರಡು ಪದರ ಹಳೇ ಸೀರೆ, ಕೆಳಗೆ ಅಸ್ತರು. 14ನೇ ನಂಬರಿನ ಹೊಸ ಸೂಜಿ, ನೇರ ಗೆರೆಗಳಿಗೆ ಹೊಲಿಗೆಯ ಉದ್ದ 3 ಮಿ.ಮೀ.

ಮಾಮೂಲಿ ಫೂಟಿನ ತೊಂದರೆ ಇಷ್ಟೇ: ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲಿನದನ್ನು ಫೂಟ್ ತಡೆಯುತ್ತದೆ. ಒಂದು ಮೊಳ ಹೊಲಿಯುವಷ್ಟರಲ್ಲಿ ಮೇಲಿನ ಪದರ ಫೂಟಿನ ಮುಂದೆ ಉಬ್ಬಿ ನಿಂತು, ಅಡ್ಡ ಹೊಲಿಗೆ ಸಿಕ್ಕಲ್ಲಿ ಮಡಿಚಿಕೊಂಡು ನೆರಿಗೆಯಾಗುತ್ತದೆ. ಫೂಟಿನ ಒತ್ತಡದ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ, ನಾಲ್ಕು ಇಂಚಿಗೊಂದು ಸೇಫ್ಟಿ ಪಿನ್ ಹಾಕಿದರೆ ಸೀರೆ ತುಂಬಿದ ತೆಳು ಕೌದಿ ಸರಾಗವಾಗಿ ಬರುತ್ತದೆ. ನಡುವೆ ದಪ್ಪ ಪಾಲಿಯೆಸ್ಟರ್ ವಾಡಿಂಗ್ (ಹತ್ತಿಯಂಥ ಮೆತ್ತನೆ ಹಾಳೆ) ಇದ್ದರೆ ಈ ಉಪಾಯ ಸಾಲದು. ಆದರೆ ತುಂಡು ಜೋಡಿಸುವುದಕ್ಕೆ ಮಾಮೂಲಿ ಫೂಟಿಗಿಂತ ಒಳ್ಳೆಯದು ಬೇರೆ ಇಲ್ಲ. ಕಾಲು ಇಂಚು ಅಂಚು ಬಿಟ್ಟು 2ರಿಂದ 2.5 ಮಿ.ಮೀ. ಹೊಲಿಗೆ ಹಾಕಿ.

ವಾಕಿಂಗ್ ಫೂಟಿಗೆ ತನ್ನದೇ ಹಲ್ಲುಗಳಿವೆ, ಮೇಲಿನ ಬಟ್ಟೆಯೂ ಜೊತೆಗೇ ಸಾಗುತ್ತದೆ. ಅದರ ಕವಲಿನಂಥ ತೋಳು ಸೂಜಿಯ ಸ್ಕ್ರೂ ಮೇಲೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಹಲ್ಲು ಆಡುವುದೇ ಇಲ್ಲ, ಇದೂ ಮಾಮೂಲಿ ಫೂಟಿನಂತೆಯೇ ಆಗಿಬಿಡುತ್ತದೆ. ಕೊಳ್ಳುವ ಮೊದಲು ನಿಮ್ಮ ಮಷಿನ್ನಿನ ಶ್ಯಾಂಕ್ (ಫೂಟ್ ಸಿಕ್ಕಿಸುವ ಕಾಲು) ಯಾವುದೆಂದು, ಈಗಿರುವ ಫೂಟ್ ಇಳಿಸಿ ಅಳೆಯಿರಿ: ಅದನ್ನು ಬಿಗಿಯುವ ಸ್ಕ್ರೂ ಸೂಜಿಯ ಕೆಳಗಿನ ಪ್ಲೇಟಿನಿಂದ ಅರ್ಧದಿಂದ ಮುಕ್ಕಾಲು ಇಂಚು ಎತ್ತರದಲ್ಲಿದ್ದರೆ ಲೋ ಶ್ಯಾಂಕ್, ಒಂದು ಇಂಚಿದ್ದರೆ ಹೈ ಶ್ಯಾಂಕ್. ನಿಧಾನವಾಗಿ ಓಡಿಸಬೇಕು, ಹಿಂದಕ್ಕೆ ಹೊಲಿಯಬಾರದು. ನೇರ ಗೆರೆಗೆ ನಾವು ಹೇಳುವುದು ಇದನ್ನೇ.

ಯಾವ ಫೂಟಾದರೂ ಹೊಲಿಯುವ ದಿಕ್ಕು ಮುಖ್ಯ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತುತ್ತ ಒಳಗೆ ಬರುತ್ತಾರೆ. ಕೈ ಹೊಲಿಗೆಯಲ್ಲಿ ಹೆಜ್ಜೆಹೆಜ್ಜೆಗೂ ಬಟ್ಟೆ ಸವರಿಕೊಳ್ಳಬಹುದು, ಎಷ್ಟು ಚೆಂದ ಬರುತ್ತದೆ ಅದು! ಮಷಿನ್ನಿನಲ್ಲಿ ಹಾಗೆ ಸುತ್ತಿದರೆ ಸರಿದ ಬಟ್ಟೆಯೆಲ್ಲ ನಡುವೆ ಸೇರಿ ಉಬ್ಬಿ ನಿಲ್ಲುತ್ತದೆ. ಆದ್ದರಿಂದ ನಡುವಿನಿಂದ ಅಂಚಿನ ಕಡೆಗೆ ಹೊಲಿಯಿರಿ. ಬಲಗಡೆಯ ಬಟ್ಟೆ ಸುರುಳಿ ಸುತ್ತಿ ಮಷಿನ್ನಿನ ತೋಳಿನಡಿ ಇರಲಿ, ಉಳಿದದ್ದು ಮೇಜಿನಿಂದ ಜೋತು ಬೀಳದಿರಲಿ. ಜೋತ ಭಾರ ಸೂಜಿಯನ್ನು ಎಳೆದು ಮುರಿಯುತ್ತದೆ.

ಹೂಬಳ್ಳಿ, ಸುರುಳಿ ಬೇಕೆಂದರೆ ಮಾತ್ರ ಡಾರ್ನಿಂಗ್ ಫೂಟ್. ಹಲ್ಲು ಕೆಳಗಿಳಿಸಿ, ಇಳಿಯದ ಮಷಿನ್ನಾದರೆ ಹಲ್ಲಿನ ಮೇಲೆ ಪ್ಲೇಟ್ ಮುಚ್ಚಿ. ಬಟ್ಟೆ ಓಡಿಸುವುದು ಈಗ ನಿಮ್ಮ ಕೈ. ಕೈ ಮಷಿನ್ ಇದಕ್ಕೆ ಆಗದು, ಒಂದು ಕೈ ಚಕ್ರಕ್ಕೇ ಹೋಗುತ್ತದೆ. ಕಾಲಲ್ಲಿ ತುಳಿಯುವುದೋ ಮೋಟಾರೋ ಬೇಕು. ತಿರುವಿನಲ್ಲಿ ಕೈ ಜೋರಾದರೆ ಕೆಳಗಡೆ ರೆಪ್ಪೆಗೂದಲಿನಂತೆ ದಾರ ಕಾಣುತ್ತದೆ: ಕೈ ನಿಧಾನ ಮಾಡಿ, ಕಾಲು ಒಂದೇ ಹದದಲ್ಲಿರಲಿ. ಕೆಳಗೆ ದಾರದ ಗಂಟೇ ಕಟ್ಟಿದರೆ ಬಾಬಿನ್ ಬಿಚ್ಚುವ ಮೊದಲು ಫೂಟಿನ ಲಿವರ್ ನೋಡಿ. ಈ ಫೂಟ್ ಬಟ್ಟೆಗೆ ಒತ್ತಿ ಕೂರುವುದಿಲ್ಲ, ಹಾಗಾಗಿ ಇಳಿಸುವುದೇ ಮರೆತುಹೋಗುತ್ತದೆ. ಇಳಿಸದಿದ್ದರೆ ಮೇಲಿನ ದಾರಕ್ಕೆ ಟೆನ್ಷನ್ (ಬಿಗಿ) ಸಿಗದು. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಲಿವರ್ ಮೇಲಿರಬೇಕು, ಆಗಲೇ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದು.